ಮರೆತ ಆಟಿಕೆಗೆ ಅಕ್ಷರಾಭ್ಯಾಸ

ಸುಮಾರು ಮೂವತ್ತು ವರ್ಷ ಪಾಠ ಹೇಳಿದವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿರುತ್ತದೆ. ಮಕ್ಕಳ ಕೈಯಲ್ಲಿ ಏನಾದರೂ ಕಂಡರೆ ಸಾಕು, ಮೊದಲು ಕಿತ್ತುಕೊಳ್ಳುವುದು, ಆಮೇಲೆ ಅದೇನೆಂದು ನೋಡುವುದು. ಬುಗುರಿ, ಗೋಲಿ, ಕ್ರಿಕೆಟ್ ಆಟಗಾರರ ಚಿತ್ರ, ಈಚೀಚೆಗೆ ಮೊಬೈಲು, ಹೀಗೆ ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಸಣ್ಣ ವಸ್ತುಸಂಗ್ರಹಾಲಯವೇ ಇದೆ. ವರ್ಷದ ಕೊನೆಗೆ ಎಲ್ಲವನ್ನೂ ಹಿಂದಿರುಗಿಸುತ್ತೇನಾದ್ದರಿಂದ ಯಾರಿಗೂ ನಷ್ಟವಾಗಿಲ್ಲವೆಂದೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ಗೊತ್ತಾದದ್ದು ಗುಂಡ್ಲುಪೇಟೆಯಲ್ಲಿ, ನನ್ನ ತಮ್ಮನ ಮಗನ ಮುಂದೆ.

ತಮ್ಮ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾನೆ. ಅವನ ಹೆಂಡತಿ, ಒಂಬತ್ತನೇ ತರಗತಿಯ ಮಗ ಮತ್ತು ನಮ್ಮ ಅವ್ವ ಗುಂಡ್ಲುಪೇಟೆಯ ಮನೆಯಲ್ಲಿದ್ದಾರೆ. ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ, ಭೂಗೋಳ ಹೇಳಿಕೊಡುವವಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದರೆ, ಸಂಜೆಯ ಕಾಫಿಗೆ ಅವ್ವನ ಮುಂದಿರುತ್ತೇನೆ.

ಆ ಶನಿವಾರ ನಾನು ಒಳಗೆ ಕಾಲಿಟ್ಟಾಗ ಹುಡುಗ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಪಕ್ಕದಲ್ಲಿ ಅವನ ಆಟದ ಕಂಟ್ರೋಲರು. ನೋಡದವರಿಗೆ ಹೇಳುವುದಾದರೆ, ಅದು ಎರಡು ಕೈಯಲ್ಲೂ ಹಿಡಿಯುವಂಥ, ಎರಡು ಕೊಂಬಿನ ಪ್ಲಾಸ್ಟಿಕ್ ವಸ್ತು. ಮೇಲೆ ಗುಂಡಿಗಳು, ಹೆಬ್ಬೆರಳುಗಳಿಗೆ ಎರಡು ಗಿಡ್ಡ ಕಡ್ಡಿಗಳು. ಅವ್ವ ಅದಕ್ಕೆ 'ಏಡಿ' ಎಂದು ಹೆಸರಿಟ್ಟಿದ್ದಾಳೆ. ಸಾಮಾನ್ಯವಾಗಿ ಏಡಿಗೆ ವೈರು ಬೇಡ, ದೂರದಿಂದಲೇ ಕೆಲಸ ಮಾಡುತ್ತದೆ. ಆ ಹೊತ್ತು ಮಾತ್ರ ವೈರಿನಿಂದ ಅದನ್ನು ಲ್ಯಾಪ್‌ಟಾಪಿಗೆ ಸೇರಿಸಿದ್ದ. ಸೋಮವಾರ ಗಣಿತದ ಪರೀಕ್ಷೆ. "ನಾಡಿದ್ದು ಪರೀಕ್ಷೆ ಇಟ್ಕೊಂಡು ಆಟವೇನೋ?" ಎಂದವಳೇ ವೈರನ್ನು ಎಳೆದುಬಿಟ್ಟೆ.

"ಅಯ್ಯೋ, ಆಟ ಆಡ್ತಿರ್ಲಿಲ್ಲ ಕಣತ್ತೆ. ಅಪ್‌ಡೇಟ್ ಆಯ್ತಿತ್ತು. ವೈರು ಕೀಳ್ಬೇಡಿ ಅಂತ ಬರ್ದಿತ್ತಲ್ಲ, ಕಿತ್ಬುಟ್ರಲ್ಲ!"

ಪರದೆಯ ಮೇಲೆ ನಿಜವಾಗಿಯೂ ಹಾಗೆ ಬರೆದಿತ್ತು. "ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ" ಎಂದು ದಿನಾ ಮಕ್ಕಳಿಗೆ ಹೇಳುವ ನಾನು ಅದನ್ನು ಓದಿರಲಿಲ್ಲ. ಏಡಿಯ ದೀಪ ಆರಿಹೋಗಿತ್ತು. ಗುಂಡಿ ಒತ್ತಿದರೂ ಇಲ್ಲ, ಚಾರ್ಜಿಗೆ ಹಾಕಿದರೂ ಇಲ್ಲ. "ಹೋಗಲಿ ಬಿಡು, ಹೊಸದು ಕೊಡಿಸ್ತೀನಿ" ಎಂದೆ. ಹುಡುಗ ಉತ್ತರ ಕೊಡಲಿಲ್ಲ. ಊಟಕ್ಕೆ ಕೂತಾಗಲೂ ತಲೆ ಎತ್ತಲಿಲ್ಲ.

ರಾತ್ರಿ ಪಾತ್ರೆ ತೊಳೆಯುವಾಗ ತಮ್ಮನ ಹೆಂಡತಿ ವಿಷಯ ಹೇಳಿದಳು. ತಮ್ಮ ಕಳೆದ ಸಲ ಬಂದಾಗ ಒಂದೇ ಥರದ ಎರಡು ಏಡಿಗಳನ್ನು ತಂದಿದ್ದನಂತೆ. ಒಂದನ್ನು ಮಗನಿಗೆ ಕೊಟ್ಟು ಇನ್ನೊಂದನ್ನು ತಾನು ಕೊಂಡೊಯ್ದನಂತೆ. ಅಲ್ಲಿ ಶುಕ್ರವಾರ ರಜೆ. ನಮ್ಮ ರಾತ್ರಿ ಎಂಟು ಗಂಟೆ ಅವರಿಗೆ ಆರೂವರೆ. ಪ್ರತಿ ಶುಕ್ರವಾರ ಆ ಹೊತ್ತಿಗೆ ಅಪ್ಪ ಮಗ ಇಬ್ಬರೂ ಇಂಟರ್‌ನೆಟ್ಟಿನಲ್ಲಿ ಕಾರಿನ ರೇಸು ಆಡುತ್ತಾರೆ. "ಫೋನಲ್ಲಾದ್ರೆ ಊಟ ಆಯ್ತಾ, ಓದ್ದಾ ಅನ್ನೋದ್ರಲ್ಲೇ ಮುಗ್ದೋಯ್ತದೆ ಅಕ್ಕ. ಆಟ ಆಡ್ತಾ ಆಡ್ತಾ ಆದ್ರೆ ಗಂಟೆಗಟ್ಲೆ ಮಾತಾಡ್ತರೆ" ಎಂದಳು. ನಾನು ಎಳೆದದ್ದು ಬರೀ ವೈರಲ್ಲವೆಂದು ಆಗ ಅರ್ಥವಾಯಿತು. ಶುಕ್ರವಾರಕ್ಕೆ ಆರು ದಿನವಿತ್ತು.

ಸೋಮವಾರ ಬೆಳಗಿನ ಬಸ್ಸಿನಲ್ಲಿ ಏಡಿಯನ್ನು ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಚಾಮರಾಜನಗರಕ್ಕೆ ಬಂದೆ. ಚಾಮರಾಜೇಶ್ವರ ದೇವಸ್ಥಾನದ ಮುಂದೆ ಹಾಯುವಾಗ ಮನಸ್ಸಿಗೆ ಇನ್ನಷ್ಟು ನಾಚಿಕೆಯಾಯಿತು. ನಮ್ಮ ಊರಿನ ಹಳೆಯ ಹೆಸರು ಅರಿಕುಠಾರ. ಇಲ್ಲಿ ಹುಟ್ಟಿದ ತನ್ನ ತಂದೆ ಚಾಮರಾಜ ಒಡೆಯರ ನೆನಪಿಗಾಗಿ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಈ ಹೆಸರಿಟ್ಟು, 1826ರಲ್ಲಿ ಈ ದೇವಸ್ಥಾನ ಕಟ್ಟಿಸಿದರು. ಇದನ್ನು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ಹೇಳದೆ ಬಿಡುತ್ತಿದ್ದ ಸಂಗತಿ ಇನ್ನೊಂದಿದೆ. ಅದೇ ಮುಮ್ಮಡಿಯವರು ದೊಡ್ಡ ಆಟದ ಪ್ರೇಮಿ. 'ಶ್ರೀತತ್ತ್ವನಿಧಿ'ಯ ಒಂದು ಭಾಗವಾದ 'ಕೌತುಕನಿಧಿ'ಯನ್ನು ಆಟಗಳಿಗೇ ಮೀಸಲಿಟ್ಟರು. ಹೊಸ ಹೊಸ ಹಾಸುಗಳನ್ನು, ಗಂಜೀಫಾ ಎಲೆಗಳನ್ನು ಕಲ್ಪಿಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ಲೆಕ್ಕದಲ್ಲಿ ಅವರ ಹೆಸರು ಪರದೇಶದ ಗಣಿತದವರ ಪುಸ್ತಕಗಳಲ್ಲೂ ಇದೆ. ತಂದೆಯನ್ನು ಮರೆಯದ ಮಗ ಮತ್ತು ಆಟವನ್ನು ಬಿಡದ ದೊರೆ, ಇಬ್ಬರೂ ಒಬ್ಬರೇ. ಅಂಥವರ ಊರಿನಿಂದ ಹೋಗಿ ನಾನು ಒಬ್ಬ ಮಗನ ಆಟ ಕೆಡಿಸಿ ಬಂದಿದ್ದೆ.

ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿ ಅಂಗಡಿಗೆ ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಹುಡುಗ ಎದ್ದು ನಿಂತು "ಬನ್ನಿ ಮಿಸ್" ಎಂದ. ಹಳೆಯ ವಿದ್ಯಾರ್ಥಿ. ಕೊನೆಯ ಬೆಂಚಿನವನು. ನಡೆದದ್ದನ್ನೆಲ್ಲ ಹೇಳಿದೆ. ಅವನು ಏಡಿಯನ್ನು ತನ್ನ ಕಂಪ್ಯೂಟರಿಗೆ ಸೇರಿಸಿ, ಒಂದು ಗುಂಡಿಯನ್ನು ಒತ್ತಿ ಹಿಡಿದುಕೊಂಡ. ಏನೂ ಆಗಲಿಲ್ಲ. ವೈರು ಬದಲಿಸಿ ಮತ್ತೆ ಹಾಗೇ ಮಾಡಿದ. ಕಂಪ್ಯೂಟರು 'ಟಣ್' ಎಂದಿತು. ಪರದೆಯ ಮೂಲೆಯಲ್ಲಿ ಯಾವುದೋ ಅಂಕಿಗಳ ಹೆಸರು ಮೂಡಿತು.

"ಸತ್ತಿಲ್ಲ ಮಿಸ್. ಮರ್ತೋಗದೆ ಅಷ್ಟೇಯ" ಎಂದ. ಆಮೇಲೆ ನಗುತ್ತ, "ಬರೀತಾ ಇರೋವಾಗ ಕಿತ್ಕೊಂಡ್ರೆ ಹಿಂಗೇ ಆಗೋದು. ಪ್ರಿಪರೇಟರಿ ಪರೀಕ್ಷೇಲಿ ಭೂಪಟದ ಮೇಲೆ ತುಂಗಭದ್ರಾ ಅಂತ ಬರೀತಿದ್ದೆ. ಬೆಲ್ ಹೊಡೀತು. ನಾನು ತುಂಗ ಅಂತ ಬರ್ಯೋ ಅಷ್ಟ್ರಲ್ಲಿ ನೀವು ಪೇಪರ್ ಕಿತ್ಕೊಂಡ್ರಿ. ಆಮೇಲೆ ನೀವೇ ತಪ್ಪು ಅಂತ ಕೆಂಪು ಗೆರೆ ಹಾಕಿದ್ರಿ" ಎಂದ.

ನನಗೆ ನೆನಪಿರಲಿಲ್ಲ. ಅವನಿಗೆ ನೆನಪಿತ್ತು. ಆದರೆ ಏಡಿಗೆ ಬಂದ ಕಾಯಿಲೆಯನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ವಿವರಿಸಲಾರರು. ಅರ್ಧ ಬರೆದ ಮಾತು ಬರೆಯದ ಮಾತಿಗಿಂತ ಅಪಾಯ. ತುಂಗ ಎಂದರೂ ಒಂದು ನದಿಯೇ, ಆದರೆ ಬೇರೆಯ ನದಿ.

ಅವನು ಹೇಳಿದ್ದನ್ನೂ, ಆ ವಾರವಿಡೀ ನಮ್ಮ ಶಾಲೆಯ ಕಂಪ್ಯೂಟರ್ ಟೀಚರನ್ನು ಕಾಡಿ, ಪುಸ್ತಕ ತಿರುವಿ ತಿಳಿದುಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ನಮ್ಮಂಥ ಮನೆಗಳಲ್ಲಿ ಟೀವಿಯ ಡಬ್ಬಿ, ಮೊಬೈಲು ಎಲ್ಲವೂ ಈಗ 'ಅಪ್‌ಡೇಟ್' ಕೇಳುವುದರಿಂದ ಇದು ನಿಮಗೂ ಉಪಯೋಗಕ್ಕೆ ಬಂದೀತು.

ಏಡಿಯ ಹೊಟ್ಟೆಯೊಳಗೆ ಬೆರಳುಗುರಿನಷ್ಟು ಒಂದು ಚಿಪ್ಪಿದೆ. ಯಾವ ಗುಂಡಿ ಒತ್ತಿದರು, ಕಡ್ಡಿಯನ್ನು ಎಷ್ಟು ವಾಲಿಸಿದರು ಎಂದು ಗಳಿಗೆ ಗಳಿಗೆಗೂ ನೋಡಿ, ಅದನ್ನು ರೇಡಿಯೋ ಅಲೆಯ ಮೂಲಕ ಲ್ಯಾಪ್‌ಟಾಪಿಗೆ ಹೇಳಿ ಕಳಿಸುವುದು ಅದರ ಕೆಲಸ. ಈ ಕೆಲಸವನ್ನು ಹೇಗೆ ಮಾಡಬೇಕೆಂಬ ಪಾಠವೂ ಆ ಚಿಪ್ಪಿನೊಳಗೇ ಬರೆದಿರುತ್ತದೆ. ಆ ಪಾಠಕ್ಕೆ 'ಫರ್ಮ್‌ವೇರ್' ಎಂದು ಹೆಸರು. ಯಂತ್ರದ ಗಟ್ಟಿ ಭಾಗಕ್ಕೆ ಹಾರ್ಡ್‌ವೇರ್ ಎಂದೂ, ಬದಲಾಯಿಸಬಹುದಾದ ಬರಹಕ್ಕೆ ಸಾಫ್ಟ್‌ವೇರ್ ಎಂದೂ ಹೆಸರಿತ್ತು. ಎರಡರ ನಡುವಿನದಕ್ಕೆ ಈ ಮೂರನೆಯ ಹೆಸರನ್ನು 1967ರಲ್ಲಿ ಆಶರ್ ಓಪ್ಲರ್ ಎಂಬಾತ ಬಳಕೆಗೆ ತಂದ. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಮುದ್ದೆ ಕಟ್ಟುವ ಹದ ಎನ್ನಿ.

ಅಪ್‌ಡೇಟ್ ಎಂದರೆ ಹಳೆಯ ಪಾಠವನ್ನು ಅಳಿಸಿ, ತಿದ್ದಿದ ಹೊಸ ಪಾಠ ಬರೆಯುವುದು. ಅಳಿಸಿದ ಮೇಲೆ, ಬರೆದು ಮುಗಿಸುವ ಮೊದಲು ನಾನು ವೈರು ಎಳೆದಿದ್ದೆ. ಹಳೆಯದೂ ಇಲ್ಲ, ಹೊಸದೂ ಪೂರ್ತಿ ಇಲ್ಲ. ನಾವು ಉತ್ತರಪತ್ರಿಕೆಯ ಮೊದಲ ಪುಟದಲ್ಲಿ ಒಟ್ಟು ಅಂಕ ಬರೆಯುತ್ತೇವಲ್ಲ, ಹಾಗೆ ಪಾಠದ ಜೊತೆಗೂ ಒಂದು ಒಟ್ಟು ಲೆಕ್ಕ ಬರೆದಿರುತ್ತದೆ. ಒಳಗಿನದನ್ನು ಕೂಡಿದಾಗ ಲೆಕ್ಕ ತಾಳೆಯಾಗದಿದ್ದರೆ ಚಿಪ್ಪು ಕೆಲಸ ಶುರು ಮಾಡುವುದೇ ಇಲ್ಲ. ತಪ್ಪು ಮಾಡುವುದಕ್ಕಿಂತ ಸುಮ್ಮನಿರುವುದು ಮೇಲೆಂದು ಕೂರುತ್ತದೆ. ಹೊರಗಿನವರಿಗೆ ಅದು ಸತ್ತಂತೆ ಕಾಣುತ್ತದೆ.

ಹಾಗಾದರೆ ಇಂಥ ವಸ್ತುಗಳನ್ನು ಮರೆಯಲಾರದ ಹಾಗೆ ಏಕೆ ಮಾಡಲಿಲ್ಲ ಎಂದು ಕೇಳಿದೆ. ಮೊದಲು ಹಾಗೆಯೇ ಇತ್ತಂತೆ. ಈ ಕಥೆ ಹೆಣ್ಣುಮಕ್ಕಳಾದ ನಾವು ತಿಳಿದಿರಬೇಕಾದದ್ದು.

1969ರಲ್ಲಿ ಅಪೊಲೊ 11 ಚಂದ್ರನ ಮೇಲಿಳಿದಾಗ ನೌಕೆಯಲ್ಲೊಂದು ಸಣ್ಣ ಕಂಪ್ಯೂಟರಿತ್ತು. ಅದರ ಪಾಠವನ್ನು ಬರೆದಿರಲಿಲ್ಲ, ಹೆಣೆದಿದ್ದರು. ಪುಟ್ಟ ಪುಟ್ಟ ಅಯಸ್ಕಾಂತದ ಬಳೆಗಳು, ಅವುಗಳ ನಡುವೆ ಸಪೂರ ತಂತಿ. ತಂತಿ ಬಳೆಯೊಳಗೆ ತೂರಿದರೆ ಒಂದು, ಪಕ್ಕದಲ್ಲಿ ಹಾದರೆ ಸೊನ್ನೆ. ಅಮೆರಿಕದ ವಾಲ್ಥಮ್ ಊರಿನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಎದುರುಬದುರು ಕೂತು, ಸೂಜಿಯಲ್ಲಿ ಪೋಣಿಸಿದಂತೆ ಇದನ್ನು ಹೆಣೆದರು. ಪಾಠವನ್ನು ರೂಪಿಸಿದ ತಂಡದ ಮುಖ್ಯಸ್ಥೆಯೂ ಹೆಂಗಸೇ, ಮಾರ್ಗರೆಟ್ ಹ್ಯಾಮಿಲ್ಟನ್. ಹಾಗೆ ಹೆಣೆದ ಜ್ಞಾಪಕ ಸುಮಾರು 36 ಸಾವಿರ ಪದಗಳದ್ದು. ಕರೆಂಟು ಹೋದರೂ ಅದು ಮರೆಯುವಂತಿರಲಿಲ್ಲ. ಆದರೆ ಒಂದು ತಪ್ಪು ಸಿಕ್ಕಿದರೆ ಬಿಚ್ಚಿ ಮತ್ತೆ ಹೆಣೆಯಬೇಕಿತ್ತು. ಸ್ವೆಟರ್ ಹೆಣೆದವರಿಗೆ ಆ ಸಂಕಟ ಗೊತ್ತು. ಮರೆಯದ ಯಂತ್ರ ಹೊಸದನ್ನು ಕಲಿಯಲೂ ಆರದು.

ಕಲಿಯುವ ಚಿಪ್ಪು ಆಮೇಲೆ ಬಂತು. 1971ರಲ್ಲಿ ಇಂಟೆಲ್ ಕಂಪೆನಿಯಲ್ಲಿ ಡೋವ್ ಫ್ರೊಹ್ಮನ್ ಎಂಬಾತ ಅಳಿಸಿ ಬರೆಯಬಹುದಾದ ಚಿಪ್ಪನ್ನು ಮಾಡಿದ. ಅದರ ನೆತ್ತಿಯ ಮೇಲೆ ಸ್ಫಟಿಕದ ಪುಟ್ಟ ಕಿಟಕಿ. ಅದರ ಮೂಲಕ ಅತಿನೇರಳೆ ಬೆಳಕನ್ನು ಹಲವು ನಿಮಿಷ ಬಿಟ್ಟರೆ ಬರೆದದ್ದೆಲ್ಲ ಅಳಿಯುತ್ತಿತ್ತು. 1984ರಲ್ಲಿ ಜಪಾನಿನ ತೋಷಿಬಾ ಕಂಪೆನಿಯ ಫುಜಿಯೊ ಮಸುಒಕ ಕಿಟಕಿಯೂ ಬೇಡದ, ವಿದ್ಯುತ್ತಿನಿಂದಲೇ ಕ್ಷಣದಲ್ಲಿ ಅಳಿಸಬಲ್ಲ ಚಿಪ್ಪನ್ನು ಲೋಕಕ್ಕೆ ತೋರಿಸಿದ. ಅಳಿಸುವ ವೇಗ ಕ್ಯಾಮರಾದ ಮಿಂಚನ್ನು ನೆನಪಿಸಿದ್ದರಿಂದ ಅವನ ಸಹೋದ್ಯೋಗಿಯೊಬ್ಬ ಅದಕ್ಕೆ 'ಫ್ಲ್ಯಾಶ್' ಎಂದು ಹೆಸರಿಟ್ಟ. ನಮ್ಮ ಮೊಬೈಲಿನಲ್ಲಿ ಮಕ್ಕಳ ಫೋಟೋ ಉಳಿಯುವುದು ಅದರಲ್ಲೇ. ಏಡಿಯ ಪಾಠ ಉಳಿಯುವುದೂ ಅದರಲ್ಲೇ.

ಏಡಿಯ ವಂಶವನ್ನೂ ಹುಡುಕಿದೆ. ನಮ್ಮ ಅಳಗುಳಿಮನೆಗೆ, ಚೌಕಾಬಾರಕ್ಕೆ ಚಿಪ್ಪು ಬೇಕಿಲ್ಲ. ಹುಣಸೆಬೀಜ, ಕವಡೆ ಸಾಕು, ನಿಯಮವೆಲ್ಲ ಆಡುವವರ ತಲೆಯಲ್ಲಿ. ಪರದೆಯ ಮೇಲಿನ ಆಟದಲ್ಲಿ ನಿಯಮ ಯಂತ್ರದೊಳಗಿರುತ್ತದೆ, ಕೈಗೆ ಹಿಡಿ ಬೇಕಾಗುತ್ತದೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬೋಥಮ್ ನೋಡಲು ಬಂದ ಜನರಿಗಾಗಿ ಟೆನಿಸ್ ಆಟವೊಂದನ್ನು ಮಾಡಿದಾಗ ಹಿಡಿ ಎಂದರೆ ಒಂದು ತಿರುಗಣೆ, ಒಂದು ಗುಂಡಿ ಅಷ್ಟೇ. 1972ರಲ್ಲಿ ಮನೆಯ ಟೀವಿಗೆ ಹಚ್ಚುವ ಮೊದಲ ಆಟದ ಪೆಟ್ಟಿಗೆ ಬಂತು. ಹೆಬ್ಬೆರಳಿಗೆಂದು ಕೂಡುಚಿಹ್ನೆಯ ಆಕಾರದ ಗುಂಡಿಯನ್ನು 1982ರಲ್ಲಿ ಜಪಾನಿನ ಗುನ್‌ಪೆ ಯೊಕೊಯ್ ತಂದ. ಟೀವಿಗೆ ಹಚ್ಚುವ ಪೆಟ್ಟಿಗೆಗಳ ಹಿಡಿಗಳು ಆಗ ಹೆಚ್ಚಾಗಿ ವೈರಿಗೆ ಕಟ್ಟಿದವು. ರೇಡಿಯೋ ಅಲೆಯಿಂದ ಚೆನ್ನಾಗಿ ಕೆಲಸ ಮಾಡುವ ಹಿಡಿಯನ್ನು ನಿಂಟೆಂಡೊ 2002ರಲ್ಲಿ ಮಾರಿತು. 2006ರ ಪ್ಲೇಸ್ಟೇಷನ್ 3ರ ಹೊತ್ತಿಗೆ ಹಿಡಿಗೆ ಬ್ಲೂಟೂತ್ ಬಂತು.

ವೈರಿಲ್ಲದ ಮಾತು ನಮಗೇನೂ ಹೊಸತಲ್ಲ. ಜಗದೀಶ ಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ ತೋರಿಸಿದ್ದರು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿ, ದೇಶಕ್ಕೇ 'ಆಕಾಶವಾಣಿ' ಎಂಬ ಹೆಸರು ದಾನ ಮಾಡಿದರು. ಆ ಮೈಸೂರು ನಮ್ಮ ಜಿಲ್ಲಾ ಕೇಂದ್ರವೂ ಆಗಿತ್ತು, 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗುವವರೆಗೆ.

ಬ್ಲೂಟೂತಿನ ಕಥೆಯಲ್ಲೂ ಒಬ್ಬ ಹೆಂಗಸು ಬರುತ್ತಾಳೆ. ವಿಯೆನ್ನಾದಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ಹೆಸರು ಮಾಡಿದ ನಟಿ ಹೆಡಿ ಲಮಾರ್. ಶತ್ರುಗಳಿಗೆ ಸಿಗದಂತೆ ರೇಡಿಯೋ ಸಂಕೇತವನ್ನು ಒಂದು ಅಲೆಯಿಂದ ಇನ್ನೊಂದಕ್ಕೆ ಹಾರಿಸುತ್ತಿರಬೇಕೆಂದು ಆಕೆ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಯೋಚಿಸಿದರು. ಪಿಯಾನೋದ ಮನೆಗಳ ಹಾಗೆ 88 ಅಲೆಗಳು. 1942ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಅಂಥ ಉಪಾಯ ಬೇರೆಯವರಿಗೂ ಹೊಳೆದಿತ್ತು, ಯುದ್ಧದಲ್ಲಿ ನೌಕಾಪಡೆ ಆಕೆಯದನ್ನು ಬಳಸಲೂ ಇಲ್ಲ. ಆದರೆ ಇವತ್ತಿನ ಬ್ಲೂಟೂತ್ ಅದೇ ಬಗೆಯಲ್ಲಿ 79 ಅಲೆಗಳ ನಡುವೆ ಸೆಕೆಂಡಿಗೆ 1600 ಸಲದವರೆಗೆ ಕುಂಟೆಬಿಲ್ಲೆ ಆಡುತ್ತದೆ. ಯಾವ ಮನೆಗೆ ಯಾವಾಗ ಹಾರಬೇಕೆಂದು ಇಬ್ಬರಿಗೂ ಗೊತ್ತಿದ್ದರೆ ಮಾತ್ರ ಮಾತು ತಲುಪುತ್ತದೆ. ಆ ಕುಂಟೆಬಿಲ್ಲೆಯ ನಿಯಮವೂ ಫರ್ಮ್‌ವೇರಿನೊಳಗೇ ಇರುವುದು. ಪಾಠ ಅಳಿದ ಏಡಿ ಮೂಕವಾಗಿ, ಅದರ ಜೊತೆ ಮಾತಾಡಲು ಮತ್ತೆ ವೈರೇ ಬೇಕಾಗುವುದು ಅದಕ್ಕಾಗಿ.

ಇನ್ನು ನನಗೆ ಬೇಕಾಗಿದ್ದ ಮಾತು. ಕಲಿತದ್ದನ್ನೆಲ್ಲ ಮರೆತವನಿಗೆ ಮತ್ತೆ ಕಲಿಸುವುದು ಹೇಗೆ?

ಇದಕ್ಕೆ ಪೆಟ್ಟು ತಿಂದೇ ಉತ್ತರ ಕಂಡುಕೊಂಡರು. 1999ರ ಏಪ್ರಿಲ್ 26ರಂದು ಸಿ.ಐ.ಎಚ್. ಎಂಬ ವೈರಸ್ಸು ಅನೇಕ ದೇಶಗಳಲ್ಲಿ ಕಂಪ್ಯೂಟರುಗಳು ಏಳುವಾಗಲೇ ಓದಿಕೊಳ್ಳುವ ಮೊದಲ ಪಾಠವನ್ನು ಹಾಳುಮಾಡಿತು. ಗುಂಡಿ ಒತ್ತಿದರೆ ಕಪ್ಪು ಪರದೆ. ಚಿಪ್ಪನ್ನೇ ಕಿತ್ತು ಬದಲಾಯಿಸಬೇಕಾಯಿತು. ಕೆಲವು ತಯಾರಕರು ಪಾಠದ ಇನ್ನೊಂದು ಪ್ರತಿಯನ್ನು ಪಕ್ಕದಲ್ಲೇ ಇಡತೊಡಗಿದರು. ಇನ್ನೊಂದು ಉಪಾಯವೆಂದರೆ ಚಿಪ್ಪಿನ ಒಂದು ಮೂಲೆಯನ್ನು ಅಳಿಸದಂತೆ ಕಾಪಾಡುವುದು. ಅಪ್‌ಡೇಟ್ ಬಂದಾಗಲೂ ಆ ಮೂಲೆಯನ್ನು ಮುಟ್ಟುವುದಿಲ್ಲ. ಅಲ್ಲಿರುವ ಪಾಠ ಬಹಳ ಚಿಕ್ಕದು. ಆಟ ಗೊತ್ತಿಲ್ಲ, ಗುಂಡಿಗಳ ಹೆಸರು ಗೊತ್ತಿಲ್ಲ. 'ನನಗೆ ಬರೆಯಿರಿ, ನಾನು ಬರೆಸಿಕೊಳ್ಳುತ್ತೇನೆ' ಎನ್ನುವುದಷ್ಟೇ ಗೊತ್ತು. ಇದಕ್ಕೆ 'ಬೂಟ್‌ಲೋಡರ್' ಎನ್ನುತ್ತಾರೆ. ಅಂಗಡಿಯಲ್ಲಿ 'ಟಣ್' ಎಂದದ್ದು ಆ ಮೂಲೆ.

ನಮ್ಮ ಸೀಮೆಯವರಿಗೆ ಇದು ತಿಳಿಯದ್ದಲ್ಲ. ಮಾದಪ್ಪನ ಕಥೆಯನ್ನು ಹಾಡುವ ಕಂಸಾಳೆಯವರನ್ನು, ಮಂಟೇಸ್ವಾಮಿಯ ನೀಲಗಾರರನ್ನು ರಾತ್ರಿಯಿಡೀ ಕೇಳಿದ್ದೇನೆ. ಪುಸ್ತಕವಿಲ್ಲ. ಮುಂದೆ ಹಾಡುವವನಿಗೆ ಎಲ್ಲಾದರೂ ತಡವರಿಸಿತೋ, ಹಿಮ್ಮೇಳದವರು ಸೊಲ್ಲು ಹಿಡಿದು ನಿಲ್ಲುತ್ತಾರೆ. ಅಷ್ಟರಲ್ಲಿ ಅವನಿಗೆ ಕಥೆ ಮರಳಿ ಸಿಗುತ್ತದೆ.

ಇದರ ಬಹುದೊಡ್ಡ ಉದಾಹರಣೆ ಈಚೆಗೆ ನಡೆಯಿತು. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಅದರ ಒಂದು ಕಂಪ್ಯೂಟರಿನ ಜ್ಞಾಪಕದಲ್ಲಿ ನೂರಕ್ಕೆ 3 ಪಾಲಿನಷ್ಟು ಕೆಟ್ಟಿತ್ತು, ಒಂದು ಚಿಪ್ಪು ಹೋಗಿತ್ತು. ದೂರ ಸುಮಾರು 2400 ಕೋಟಿ ಕಿಲೋಮೀಟರು. ಹೇಳಿದ ಮಾತು ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತಷ್ಟೇ. ನಾಸಾದವರು ಆ ಚಿಪ್ಪಿನಲ್ಲಿದ್ದ ಪಾಠವನ್ನು ತುಂಡು ಮಾಡಿ, ಬೇರೆಡೆ ಉಳಿದ ಜಾಗದಲ್ಲಿ ಬರೆಸಿದರು. 2024ರ ಏಪ್ರಿಲ್ 20ರಂದು ನೌಕೆ ತನ್ನ ಆರೋಗ್ಯ ಹೇಗಿದೆಯೆಂದು ಮತ್ತೆ ತಿಳಿಯುವಂತೆ ಹೇಳಿತು. ಅಷ್ಟು ದೂರದ್ದು ಕಲಿತೀತಾದರೆ ಗುಂಡ್ಲುಪೇಟೆಯ ಏಡಿ ಯಾವ ಲೆಕ್ಕ ಎಂದು ಧೈರ್ಯ ತಂದುಕೊಂಡೆ.

ಅಂಗಡಿಯ ಹುಡುಗ ತಾನೇ ಬರೆದುಕೊಡಲಿಲ್ಲ. ಏಡಿಯ ಬೆನ್ನಿನ ಮೇಲಿನ ನಂಬರು ಸವೆದುಹೋಗಿತ್ತು. ನೋಡಲು ಒಂದೇ ಥರವಿದ್ದರೂ ಒಳಗಿನ ಚಿಪ್ಪು ಬೇರೆ ಬೇರೆ ಇರುತ್ತದೆ. "ಬೇರೇದರ ಫೈಲು ಬರೆದ್ರೆ ಆಗ ನಿಜವಾಗ್ಲೂ ಹೋಯ್ತದೆ ಮಿಸ್. ಡಬ್ಬ ಮನೇಲದಲ್ಲ, ಅದರ ಮೇಲೆ ನಂಬರ್ ಇರ್ತದೆ. ಅಳಿಮಯ್ಯನೇ ಮಾಡ್ಲಿ, ನೀವು ಪಕ್ಕದಲ್ಲಿರಿ" ಎಂದ. ದುಡ್ಡು ತೆಗೆದುಕೊಳ್ಳಲಿಲ್ಲ. ಮಾಡಬೇಕಾದ್ದನ್ನು ಒಂದೊಂದಾಗಿ ಹೇಳಿದ. ನಾನು ಪಾಠ ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡೆ. ಹೊರಡುವಾಗ "ಆ ತುಂಗಭದ್ರೆಗೆ ಅಂಕ ಕೊಡಬೇಕಿತ್ತಪ್ಪ" ಎಂದೆ. "ಈಗ್ಯಾಕೆ ಬುಡಿ ಮಿಸ್, ಪಾಸಾದೆನಲ್ಲ" ಎಂದು ನಕ್ಕ.

ಶುಕ್ರವಾರ ಮಧ್ಯಾಹ್ನದ ಮೇಲೆ ರಜೆ ಹಾಕಿ ಗುಂಡ್ಲುಪೇಟೆಗೆ ಹೋದೆ. ಹುಡುಗ ಶಾಲೆಯಿಂದ ಬಂದವನು ನನ್ನನ್ನು ನೋಡಿ ಒಳಗೆ ಹೋಗುತ್ತಿದ್ದ. "ತಪ್ಪು ನಂದೇ ಕಣಪ್ಪ. ಓದದೆ ಎಳೆದೆ" ಎಂದೆ. ದೊಡ್ಡವರು ಹಾಗೆ ಹೇಳಿದ್ದನ್ನು ಅವನು ಹೆಚ್ಚು ಕೇಳಿರಲಿಲ್ಲವೆಂದು ತೋರುತ್ತದೆ. ನಿಂತ. ನಾನು ಟಿಪ್ಪಣಿ ಪುಸ್ತಕ ಬಿಚ್ಚಿದೆ.

ಮೊದಲು ಡಬ್ಬ ಹುಡುಕಿದೆವು. ಅವ್ವ ಅದರಲ್ಲಿ ನೂಲು, ಗುಂಡಿ ತುಂಬಿಟ್ಟಿದ್ದಳು. ನಂಬರನ್ನು ಇಬ್ಬರೂ ಎರಡೆರಡು ಸಲ ಓದಿದೆವು. ತಯಾರಕರ ಜಾಗದಿಂದಲೇ ಆ ನಂಬರಿನ ಫೈಲನ್ನು ಹುಡುಗ ಇಳಿಸಿಕೊಂಡ. ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ತುಂಬಿಸಿದೆವು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ ಬೇಡವೆಂದು. ಆಮೇಲೆ ವೈರು. ಭಾನುವಾರ ಅವನು ಪ್ರಯತ್ನ ಪಟ್ಟು ಸೋತದ್ದು ಇಲ್ಲೇ. ಕೆಲವು ವೈರುಗಳು ಚಾರ್ಜು ಮಾತ್ರ ಹರಿಸುತ್ತವೆ, ಮಾಹಿತಿ ಸಾಗಿಸುವ ತಂತಿ ಅವುಗಳಲ್ಲಿ ಇರುವುದೇ ಇಲ್ಲ. ಹೊರಗಿನಿಂದ ಎರಡೂ ಒಂದೇ. ನನ್ನ ಬ್ಯಾಗಿನಲ್ಲಿ ಅಂಗಡಿಯವನು ಕೊಟ್ಟ ವೈರಿತ್ತು.

ಹುಡುಗ ಏಡಿಯ ಗುಂಡಿ ಒತ್ತಿ ಹಿಡಿದು ವೈರು ಸಿಕ್ಕಿಸಿದ. 'ಟಣ್' ಎಂದಿತು. ಅವನು ನನ್ನ ಮುಖ ನೋಡಿದ. ಫೈಲನ್ನು ಆರಿಸಿ ಬರೆಯಲು ಹೇಳಿದ. ಪರದೆಯ ಮೇಲೆ ಹಸಿರು ಪಟ್ಟಿ ಇಂಚಿಂಚಾಗಿ ತುಂಬತೊಡಗಿತು. ವೈರು ಕೀಳಬೇಡಿ ಎಂಬ ಅದೇ ಬರಹ ಮತ್ತೆ ಬಂತು. ಈ ಸಲ ನಾನು ಅದನ್ನು ಗಟ್ಟಿಯಾಗಿ ಓದಿದೆ. ಹುಡುಗ ನಗು ತಡೆದುಕೊಂಡದ್ದು ಕಾಣಿಸಿತು. ಅವ್ವ ಕಸ ಗುಡಿಸಲು ಬಂದಾಗ ಇಬ್ಬರೂ ಒಟ್ಟಿಗೇ "ಅತ್ತ ಹೋಗಿ" ಎಂದು ಕೂಗಿದೆವು. ಮೂರು ನಿಮಿಷವೂ ಆಗಲಿಲ್ಲವೇನೋ, ನನಗೆ ಒಂದು ಪೀರಿಯಡ್ಡು ಕಳೆದಂತಿತ್ತು. ಪಟ್ಟಿ ತುಂಬಿತು. ಏಡಿಯ ದೀಪ ಎರಡು ಸಲ ಮಿನುಗಿ ನಿಂತಿತು.

"ಬಂತು ಕಣತ್ತೆ!"

ಕೆಲಸ ಇನ್ನೂ ಮುಗಿದಿರಲಿಲ್ಲ. ಏಡಿಗೆ ಪಾಠ ಬಂದಿತ್ತು, ಹಳೆಯ ಪರಿಚಯ ಮರೆತಿತ್ತು. ಲ್ಯಾಪ್‌ಟಾಪಿನ ಪಟ್ಟಿಯಲ್ಲಿದ್ದ ಅದರ ಹಳೆಯ ಹೆಸರನ್ನು ಅಳಿಸಿ, ಹೊಸದಾಗಿ ಇಬ್ಬರಿಗೂ ಬ್ಲೂಟೂತಿನ ಸ್ನೇಹ ಮಾಡಿಸಿದ. ಕಡ್ಡಿಗಳನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನಡು ಎಲ್ಲಿದೆಯೆಂದು ಅದಕ್ಕೆ ಮತ್ತೆ ತೋರಿಸಿಕೊಟ್ಟ. ಇಷ್ಟಾಗುವಾಗ ಏಳೂ ಮುಕ್ಕಾಲು.

ಎಂಟಕ್ಕೆ ತಮ್ಮನ ದನಿ ಬಂತು. "ಏನ್ಲಾ, ಪರೀಕ್ಷೆ ಹೆಂಗ್ ಮಾಡ್ದೆ?" ಹುಡುಗ ಗಣಿತದಲ್ಲಿ ಒಂದು ಲೆಕ್ಕ ಬಿಟ್ಟದ್ದನ್ನು ಅಪ್ಪನಿಗೆ ಹೇಳಿದ. ನನಗೆ ಹೇಳಿರಲಿಲ್ಲ. ಆಮೇಲೆ ಯಾವುದೋ ಗೆಳೆಯ ಮಾತು ಬಿಟ್ಟಿದ್ದು, ಅವ್ವನ ಮೊಣಕಾಲು ನೋವು, ಹಿತ್ತಿಲ ಸೀಬೆ ಗಿಡ. ನಡುನಡುವೆ ಕಾರು ಗೋಡೆಗೆ ಗುದ್ದಿದ ಸದ್ದು. ವೈರು ಕಿತ್ತದ್ದು ಯಾರೆಂದು ಅವನು ಹೇಳಲಿಲ್ಲ. "ಏಡಿ ಕೆಟ್ಟೋಗಿತ್ತಪ್ಪ, ನಾನೂ ಅತ್ತೆನೂ ಸರಿ ಮಾಡ್ದೋ" ಎಂದಷ್ಟೇ ಹೇಳಿದ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡೆ.

ಈಗಲೂ ತರಗತಿಯಲ್ಲಿ ಕಿತ್ತುಕೊಳ್ಳುವುದನ್ನು ಪೂರ್ತಿ ಬಿಟ್ಟಿಲ್ಲ. ಬಿಟ್ಟರೆ ಶಾಲೆ ನಡೆಯುವುದಿಲ್ಲ. ಆದರೆ ಪರೀಕ್ಷೆಯ ಬೆಲ್ಲು ಹೊಡೆದಾಗ ಪೇಪರನ್ನು ಎಳೆಯುವುದಿಲ್ಲ. "ಬರೀತಿರೋ ಪದ ಮುಗಿಸಿ ಕೊಡಿ" ಎನ್ನುತ್ತೇನೆ. ಮೊದಲ ಸಲ ಹಾಗೆಂದಾಗ ಮಕ್ಕಳು ನಂಬದೆ ಮುಖ ಮುಖ ನೋಡಿಕೊಂಡರು. ಆಮೇಲೆ ತಲೆ ಬಗ್ಗಿಸಿ ಬರೆದರು.